ಹಾಲುಹಲ್ಲು ಉಳಿಸಲು ದುಬಾರಿ ಸಿಮೆಂಟಿಗೆ ಕಾಯಬೇಕಿಲ್ಲ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ನಾನು ಮಕ್ಕಳ ಹಲ್ಲಿನ ವೈದ್ಯೆ. ನಿಮ್ಮಲ್ಲಿ ಕೇಳುವುದು ಒಂದೇ ವಿಷಯ. ಮಗುವಿನ ಹಾಲುಹಲ್ಲಿಗೆ ಆಳವಾಗಿ ಹುಳುಕು ಹಿಡಿದಿದ್ದರೆ ಅದನ್ನು ಕೀಳದೆ ಉಳಿಸುವ ಚಿಕಿತ್ಸೆ ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಸಿಗುವಂತೆ ಮಾಡಿ. ಇದಕ್ಕೆ ದೊಡ್ಡ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಬೇಕಾದ ಸಾಮಾನಿನ ಪಟ್ಟಿ ಚಿಕ್ಕದು.

ಭಾರತದ ದಂತ ವೈದ್ಯ ಪರಿಷತ್ತು 2002-03ರಲ್ಲಿ ದೇಶಾದ್ಯಂತ ಸಮೀಕ್ಷೆ ಮಾಡಿಸಿತ್ತು. ಆಗ 5 ವರ್ಷದ ಮಕ್ಕಳಲ್ಲಿ ಅರ್ಧಕ್ಕೂ ಜಾಸ್ತಿ ಮಂದಿಗೆ ಹುಳುಕು ಹಲ್ಲು ಇತ್ತು. ನನ್ನ ಕುರ್ಚಿಯಲ್ಲಿ ದಿನವೂ ಕೂರುವ ಮಕ್ಕಳನ್ನು ನೋಡಿದರೆ ಪರಿಸ್ಥಿತಿ ಸುಧಾರಿಸಿದೆ ಎಂದು ಹೇಳುವ ಧೈರ್ಯ ನನಗಿಲ್ಲ. ದವಡೆ ಹಲ್ಲಿನಲ್ಲಿ ಕಪ್ಪು ಗುಂಡಿ, ಅದರೊಳಗೆ ಸಿಕ್ಕಿಕೊಂಡ ಬಿಸ್ಕತ್ತು, ಒಂದೇ ಕಡೆ ಅಗಿಯುವ ಅಭ್ಯಾಸ. ಬಿಸಿಯೂಟದ ತಟ್ಟೆಯಲ್ಲಿ ಒಳ್ಳೆಯ ಊಟ ಇದ್ದರೂ ಅಗಿಯಲಾಗದೆ ಅರ್ಧ ಬಿಟ್ಟು ಏಳುವ ಮಕ್ಕಳಿದ್ದಾರೆ.

ತಂದೆ ತಾಯಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನೋವು ಬಂದ ಮೇಲೆ. ನಾನು ಕಂಡ ಎಷ್ಟೋ ಕಡೆ ಅಲ್ಲಿ ಸಿಗುವುದು ಎರಡೇ ದಾರಿ. ಒಂದೋ ಮಾತ್ರೆ ಬರೆದು ಕಳಿಸುತ್ತಾರೆ, ಇಲ್ಲ ಹಲ್ಲು ಕೀಳುತ್ತಾರೆ. ಅಲ್ಲಿನ ವೈದ್ಯರಿಗೆ ಕೆಲಸ ಗೊತ್ತಿಲ್ಲ ಅಂತಲ್ಲ. ಎಷ್ಟೋ ಜನ ನನಗಿಂತ ಚುರುಕು ಕೈಯವರು. ಕಪಾಟಿನಲ್ಲಿ ಸಾಮಾನು ಇರುವುದಿಲ್ಲ, ಅಷ್ಟೇ.

"ಬಿದ್ದುಹೋಗುವ ಹಲ್ಲು ತಾನೇ, ಕಿತ್ತರೆ ಏನಾಯ್ತು?" ಎಂದು ಅಧಿಕಾರಿಗಳೂ ಕೇಳುತ್ತಾರೆ. ಹಿಂದಿನ ಹಾಲು ದವಡೆ ಹಲ್ಲು ಬೀಳುವುದು 10ರಿಂದ 12ನೇ ವಯಸ್ಸಿಗೆ. ಅದನ್ನು 5ನೇ ವಯಸ್ಸಿಗೇ ಕಿತ್ತರೆ, 6ನೇ ವಯಸ್ಸಿಗೆ ಹುಟ್ಟುವ ಶಾಶ್ವತ ದವಡೆ ಹಲ್ಲು ಖಾಲಿ ಜಾಗದ ಕಡೆ ಮುಂದೆ ಸರಿಯುತ್ತದೆ. ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ಹೊರಬರಲು ಜಾಗ ಸಾಲುವುದಿಲ್ಲ. ಆಮೇಲೆ ಹಲ್ಲಿಗೆ ಕ್ಲಿಪ್ ಹಾಕಿಸಬೇಕು. ಆ ಖರ್ಚು ಯಾವ ಕೂಲಿ ಕುಟುಂಬಕ್ಕೆ ನೀಗುತ್ತದೆ ಹೇಳಿ.

ಉಳಿಸುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಖರೀದಿಯ ನಿರ್ಧಾರ ನಿಂತಿರುವುದೇ ಇದರ ಮೇಲೆ.

ಹಾಲುಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ತೆಳು. ಒಳಗಿನ ಪಲ್ಪ್, ಅಂದರೆ ಜನ ನರ ಎಂದು ಕರೆಯುವ ಭಾಗ, ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ಹುಳುಕು ಬೇಗ ನರದ ಹತ್ತಿರ ಹೋಗುತ್ತದೆ. ನಾವು ಓದುವಾಗ, ಹುಳುಕನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕೆರೆದು ತೆಗೆಯಬೇಕು ಎಂದು ಕಲಿಸುತ್ತಿದ್ದರು. ಆಳದ ಗುಂಡಿಯಲ್ಲಿ ಹಾಗೆ ಕೆರೆದರೆ ನರ ತೆರೆದುಕೊಳ್ಳುತ್ತದೆ. ಈಗ ಹಾಗೆ ಮಾಡುವುದಿಲ್ಲ. ಗುಂಡಿಯ ಸುತ್ತಲಿನ ಗೋಡೆ ಪೂರ್ತಿ ಶುಚಿ ಮಾಡುತ್ತೇವೆ. ನರದ ಮೇಲಿರುವ ಮೆತ್ತನೆಯ ಪದರವನ್ನು ಸ್ವಲ್ಪ ಹಾಗೆಯೇ ಬಿಡುತ್ತೇವೆ. ಅದರ ಮೇಲೆ ಒಂದು ಒಳಪದರ, ಅಂದರೆ ಲೈನರ್, ಹಾಕಿ ಗಾಳಿ ನೀರು ಹೋಗದಂತೆ ಮುಚ್ಚುತ್ತೇವೆ. ಒಳಗೆ ಉಳಿದ ಬ್ಯಾಕ್ಟೀರಿಯಾಕ್ಕೆ ಮೇಲಿಂದ ಸಕ್ಕರೆ ಸಿಗುವುದಿಲ್ಲ. ಹುಳುಕು ನಿಲ್ಲುತ್ತದೆ. ನರ ತನ್ನ ರಕ್ಷಣೆಗೆ ತಾನೇ ಹೊಸ ಪದರ ಕಟ್ಟಿಕೊಳ್ಳುತ್ತದೆ. ಅಳುವ ಮಗುವಿನ ಬಾಯಲ್ಲಿ ಡ್ರಿಲ್ ಓಡುವ ಸಮಯವೂ ಕಡಿಮೆ.

ಒಳಪದರಕ್ಕೆ ಯಾವುದನ್ನು ಹಾಕಬೇಕು? ಚರ್ಚೆ ಇರುವುದೆಲ್ಲ ಇಲ್ಲೇ. ಸಮ್ಮೇಳನಗಳಲ್ಲಿ ಜಾಸ್ತಿ ಮಾತು, ಜಾಸ್ತಿ ಜಾಹೀರಾತು ಕೂಡ ಇದಕ್ಕೇ.

ಹಳೆಯದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ತುಂಬಾ ಕ್ಷಾರ ಗುಣದ್ದು. ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಹೊಸ ಪದರ ಕಟ್ಟಲು ನರವನ್ನು ಪ್ರಚೋದಿಸುತ್ತದೆ, ಅಗ್ಗಕ್ಕೆ ಸಿಗುತ್ತದೆ. ಆದರೆ ಗಟ್ಟಿ ಇಲ್ಲ, ಹಲ್ಲಿಗೆ ಅಂಟುವುದಿಲ್ಲ. ಮೇಲಿನ ಫಿಲ್ಲಿಂಗ್ ಸೋರಿದರೆ ನಿಧಾನವಾಗಿ ಕರಗಿ ಅಲ್ಲಿ ಖಾಲಿ ಜಾಗ ಉಳಿಯುತ್ತದೆ.

ಆಮೇಲೆ ಎಂಟಿಎ (ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್) ಎಂಬ ಹಲ್ಲಿನ ಸಿಮೆಂಟ್ ಬಂತು. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿದ್ದು. ಮೂಲದಲ್ಲಿ ಇದು ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸಂಬಂಧಿ, ಶುದ್ಧ ಮಾಡಿದ ರೂಪ. ತೇವದಲ್ಲೂ ಗಟ್ಟಿಯಾಗುತ್ತದೆ, ನರಕ್ಕೆ ಚೆನ್ನಾಗಿ ಒಗ್ಗುತ್ತದೆ. ಆದರೆ ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ಗಂಟೆ ಬೇಕು, ಹಲ್ಲಿನ ಬಣ್ಣ ಕಂದಬಹುದು, ಬೆಲೆಯೂ ಜಾಸ್ತಿ. ಅದರ ನಂತರದ್ದು ಬಯೋಡೆಂಟಿನ್ ಎಂಬ, ಅದೇ ಥರದ ಸಿಮೆಂಟ್. ಸುಮಾರು 12 ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಹಲ್ಲು ಕಪ್ಪಾಗಿಸುವ ತೊಂದರೆ ಕಡಿಮೆ. ನನಗೆ ಬಹಳ ಇಷ್ಟವಾದ ಸಾಮಾನು ಇದು. ಆದರೆ ಕ್ಯಾಪ್ಸೂಲಿನಲ್ಲಿ ಬರುತ್ತದೆ, ಕಲಸಲು ಬೇರೆ ಯಂತ್ರ ಬೇಕು. ಒಂದು ಕ್ಯಾಪ್ಸೂಲ್ ಒಡೆದರೆ ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ.

ಇನ್ನು ಗ್ಲಾಸ್ ಅಯನೋಮರ್ ಎಂಬ ಫಿಲ್ಲಿಂಗ್ ಸಿಮೆಂಟ್. 1972ರಲ್ಲಿ ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಜಗತ್ತಿಗೆ ಪರಿಚಯಿಸಿದ್ದು. ಪುಡಿ ಮತ್ತು ದ್ರವ, ಕೈಯಲ್ಲೇ ಕಲಸಬಹುದು. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಹಲ್ಲಿಗೆ ರಾಸಾಯನಿಕವಾಗಿ ಅಂಟಿಕೊಳ್ಳುತ್ತದೆ, ಫ್ಲೋರೈಡ್ ಬಿಡುಗಡೆ ಮಾಡುತ್ತದೆ. ಒಳಪದರವೂ ಅದೇ, ಮೇಲಿನ ಫಿಲ್ಲಿಂಗ್ ಕೂಡ ಅದೇ ಆಗಬಲ್ಲದು.

ಹಾಗಾದರೆ ಗೆದ್ದಿದ್ದು ಯಾವುದು? ಅಮೆರಿಕದ ಮಕ್ಕಳ ದಂತ ವೈದ್ಯರ ಅಕಾಡೆಮಿ 2017ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ ಮಾರ್ಗಸೂಚಿ ಹೊರತಂದಿತು. ನರ ತೆರೆಯದೆ, ಸ್ವಲ್ಪ ಹುಳುಕು ಬಿಟ್ಟು ಮುಚ್ಚುವ ಈ ಚಿಕಿತ್ಸೆ ಎರಡು ವರ್ಷಗಳ ನಂತರ 100ರಲ್ಲಿ ಸುಮಾರು 94 ಹಲ್ಲುಗಳಲ್ಲಿ ಯಶಸ್ವಿಯಾಗಿತ್ತು. ಯಾವ ಲೈನರ್ ಹಾಕಿದರು ಎಂಬುದರಿಂದ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಯಾವುದನ್ನು ಬಳಸಬೇಕು ಎಂಬುದನ್ನು ವೈದ್ಯರಿಗೇ ಬಿಡಬಹುದು ಎಂದು ಮಾರ್ಗಸೂಚಿ ಹೇಳಿತು.

ಈ ಮಾತು ತಾಲೂಕು ಆಸ್ಪತ್ರೆಗಳಿಗೆ ಎಷ್ಟು ದೊಡ್ಡದು ಎಂದು ದಯವಿಟ್ಟು ಯೋಚಿಸಿ. ದುಬಾರಿ ಸಾಮಾನು ಇಲ್ಲ ಎಂಬ ಕಾರಣಕ್ಕೆ ಯಾವ ಮಗುವಿನ ಹಲ್ಲನ್ನೂ ಕೀಳಬೇಕಿಲ್ಲ!

ಗಮನ ಇಡಬೇಕಾದದ್ದು ಮುಚ್ಚಳದ ಮೇಲೆ, ಅಂದರೆ ಲೈನರ್ ಮೇಲೆ ಗುಂಡಿ ಮುಚ್ಚುವ ಫಿಲ್ಲಿಂಗ್ ಅಥವಾ ಕ್ಯಾಪ್ ಮೇಲೆ. ಬಿರುಕು ಬಿಟ್ಟ ತಾರಸಿಯ ಕೆಳಗೆ ಎಂಥ ಬೆಲೆಬಾಳುವ ಬಣ್ಣ ಬಳಿದರೂ ಮಳೆಗಾಲದಲ್ಲಿ ಉಳಿಯುವುದಿಲ್ಲ. ಲೈನರ್ ಕಥೆಯೂ ಅಷ್ಟೇ. ಎರಡು ಹಲ್ಲಿನ ನಡುವೆ ಹರಡಿದ ದೊಡ್ಡ ಗುಂಡಿಗೆ ಬರೀ ಫಿಲ್ಲಿಂಗ್ ಸಾಲದು. ಅದರ ಮೇಲೆ ಸ್ಟೀಲ್ ಕ್ಯಾಪ್ ಬೇಕು. ಮಕ್ಕಳ ಅಳತೆಯ ಸ್ಟೀಲ್ ಕ್ಯಾಪ್‌ಗಳು ಸಿದ್ಧವಾಗಿಯೇ ಬರುತ್ತವೆ, ಲ್ಯಾಬಿಗೆ ಕಳಿಸುವ ಕೆಲಸವಿಲ್ಲ. ಲೈನರ್‌ಗೆ ಇಡುವ ಹಣದಲ್ಲಿ ಉಳಿತಾಯ ಮಾಡಿ ಕ್ಯಾಪ್‌ಗೆ ಹಾಕಿ ಎಂದು ನಾನು ಒತ್ತಿ ಹೇಳುತ್ತೇನೆ.

ಎಂಟಿಎ, ಬಯೋಡೆಂಟಿನ್ ಬೇಡವೇ ಬೇಡ ಎನ್ನುತ್ತಿಲ್ಲ. ನರ ತೆರೆದುಕೊಂಡು, ಅದರ ಮೇಲ್ಭಾಗ ಕತ್ತರಿಸಿ ತೆಗೆಯಬೇಕಾದ ಪಲ್ಪಾಟಮಿಯಲ್ಲಿ ಯಾವ ಸಾಮಾನು ಎಂಬುದು ನಿಜಕ್ಕೂ ಮುಖ್ಯ. ಅಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸೋಲುತ್ತದೆ, ಎಂಟಿಎ ಮುಂದೆ ನಿಲ್ಲುತ್ತದೆ. ಫಾರ್ಮೊಕ್ರೆಸಾಲ್ ಎಂಬ ಹಳೆಯ ಔಷಧಿಯೂ ಅಲ್ಲಿ ಕೆಲಸ ಮಾಡುತ್ತದೆ. ಆದರೆ ಅದರಲ್ಲಿರುವ ಫಾರ್ಮಾಲ್ಡಿಹೈಡ್ ಅನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಮಕ್ಕಳ ಬಾಯಿಗೆ ನಾನು ಅದನ್ನು ಬಳಸಲಾರೆ. ಹಾಗಾಗಿ ಎಂಟಿಎ ಥರದ ಸಿಮೆಂಟ್ ಜಿಲ್ಲಾ ಆಸ್ಪತ್ರೆಯಲ್ಲಿ ಇರಲಿ. ತಾಲೂಕಿನಲ್ಲಿ ಗ್ಲಾಸ್ ಅಯನೋಮರ್ ಮತ್ತು ಸ್ಟೀಲ್ ಕ್ಯಾಪ್ ಎಂದೂ ಖಾಲಿಯಾಗದಿರಲಿ.

ಎಲ್ಲ ಹಲ್ಲನ್ನೂ ಹೀಗೆ ಉಳಿಸಲಾಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ರಾತ್ರಿ ತಾನಾಗಿ ನೋವು ಬಂದು ಮಗು ಎದ್ದು ಕೂರುತ್ತಿದ್ದರೆ, ಒಸಡಿನ ಮೇಲೆ ಕೀವಿನ ಗುಳ್ಳೆ ಇದ್ದರೆ, ಮುಖ ಊದಿದ್ದರೆ, ಈ ಚಿಕಿತ್ಸೆಯ ಹೊತ್ತು ಮೀರಿದೆ ಎಂದರ್ಥ. ಅದಕ್ಕೇ ಬೇಗ ಪತ್ತೆ ಆಗಬೇಕು. ಆರಂಭದ ಎಕ್ಸ್-ರೇ ಇಲ್ಲದೆ ಆಳ ತಿಳಿಯುವುದೂ ಕಷ್ಟ.

ಪತ್ತೆ ಹಚ್ಚುವ ವ್ಯವಸ್ಥೆ ನಮ್ಮಲ್ಲಿ ಈಗಾಗಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಬೇಕು. ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ಆದರೆ ಚೀಟಿ ಬರೆದು ಕಳಿಸಿದ ಮಗುವಿಗೆ ಆಸ್ಪತ್ರೆಯಲ್ಲಿ ಹಲ್ಲು ಕೀಳುವುದೊಂದೇ ದಾರಿ ಎಂದಾದರೆ, ಪತ್ತೆ ಹಚ್ಚಿ ಏನು ಬಂತು? ಮುಂದಿನ ಸಲ ತಾಯಿ ಆ ಚೀಟಿ ಹಿಡಿದು ಬರುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಗ್ಲಾಸ್ ಅಯನೋಮರ್ ಅನ್ನೂ ಸಿಲ್ವರ್ ಡೈಅಮೈನ್ ಫ್ಲೋರೈಡನ್ನೂ ಸೇರಿಸಿದೆ. ಎರಡನೆಯದು ಹನಿ ಹಚ್ಚಿದರೆ ಹುಳುಕು ನಿಲ್ಲಿಸುವ ದ್ರವ. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದನ್ನು ತಂದೆ ತಾಯಿಗೆ ಮೊದಲೇ ಹೇಳಬೇಕು. ಪಾದರಸದ ಬಗ್ಗೆ ಮಿನಮಾಟಾ ಒಪ್ಪಂದ ಮಾಡಿಕೊಂಡ ದೇಶಗಳು, ಹಾಲುಹಲ್ಲಿಗೂ 15 ವರ್ಷದೊಳಗಿನ ಮಕ್ಕಳಿಗೂ ಪಾದರಸದ ಬೆಳ್ಳಿ ಫಿಲ್ಲಿಂಗ್ ಬೇಡ ಎಂದು 2022ರಲ್ಲೇ ನಿರ್ಧರಿಸಿವೆ. ಭಾರತವೂ ಆ ಒಪ್ಪಂದದಲ್ಲಿದೆ. ಬದಲಿ ಸಾಮಾನು ಹೇಗೂ ತರಲೇಬೇಕು, ಅಲ್ವಾ?

ನಮ್ಮ ರಾಜ್ಯ 2014ರಲ್ಲಿ ದಂತ ಭಾಗ್ಯ ತಂದು ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಟ್ಟಿತು. ಹಲ್ಲಿಲ್ಲದ ಅಜ್ಜ ಅಜ್ಜಿಯರು ಮತ್ತೆ ರೊಟ್ಟಿ ಅಗಿದು ತಿಂದಿದ್ದನ್ನು ನಾನು ಕಂಡಿದ್ದೇನೆ. ಅಂಥ ಯೋಜನೆ ಮಾಡಿದ ಸರ್ಕಾರಕ್ಕೆ ಇದು ಕಷ್ಟವಲ್ಲ ಎಂಬ ನಂಬಿಕೆಯಿಂದಲೇ ಬರೆಯುತ್ತಿದ್ದೇನೆ.

ಆದ್ದರಿಂದ ತಾಲೂಕು ಆಸ್ಪತ್ರೆಗಳ ದಂತ ವಿಭಾಗದ ಖರೀದಿಗೆ ಗ್ಲಾಸ್ ಅಯನೋಮರ್, ಮಕ್ಕಳ ಸ್ಟೀಲ್ ಕ್ಯಾಪ್, ಸಿಲ್ವರ್ ಡೈಅಮೈನ್ ಫ್ಲೋರೈಡ್ ಈ ಮೂರನ್ನು ಕಡ್ಡಾಯ ಮಾಡಿ. ಎಕ್ಸ್-ರೇ ಇಲ್ಲದ ಕಡೆ ಸಣ್ಣದೊಂದು ಎಕ್ಸ್-ರೇ ಕೊಡಿ. ಹುಳುಕನ್ನು ಪೂರ್ತಿ ಕೆರೆಯದೆ ಮುಚ್ಚುವ ವಿಧಾನವನ್ನು ಕೈಹಿಡಿದು ಕಲಿಸಲು ತರಬೇತಿ ಇಡಿ. ರಾಜ್ಯದ ತುಂಬ ದಂತ ಕಾಲೇಜುಗಳಿವೆ, ಅಲ್ಲಿ ಮಕ್ಕಳ ವಿಭಾಗಗಳಿವೆ. ಕರೆದರೆ ಬಂದು ಕಲಿಸುವವರು ಬಹಳ ಮಂದಿ ಇದ್ದಾರೆ, ನಾನೂ ಬರುತ್ತೇನೆ. ಪ್ರತಿ ಆಸ್ಪತ್ರೆ ತಿಂಗಳಿಗೆ ಎಷ್ಟು ಹಾಲುಹಲ್ಲು ಕಿತ್ತಿತು, ಎಷ್ಟು ಉಳಿಸಿತು ಎಂಬ ಎರಡು ಲೆಕ್ಕವನ್ನು ಇಲಾಖೆ ಕೇಳಲಿ. ಶಾಲೆ ತೆರೆಯುವ ಜೂನ್ ತಿಂಗಳ ಹೊತ್ತಿಗೆ ಸಾಮಾನು ತಲುಪಿದರೆ, ಆ ವರ್ಷದ ತಪಾಸಣೆಯಲ್ಲಿ ಸಿಗುವ ಮಕ್ಕಳಿಂದಲೇ ಶುರು ಮಾಡಬಹುದು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಮಕ್ಕಳ ದಂತ ವೈದ್ಯೆ