ಮಕ್ಕಳ ಜ್ವರದ ಔಷಧಿ: ಚಮಚದ ಲೆಕ್ಕ ಬೇಡ

ಮಾನ್ಯರೇ,

ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಸಿರಪ್ಪಿನಲ್ಲಿ 5 ಎಂ.ಎಲ್.ಗೆ 120 ಮಿ.ಗ್ರಾಂ. ಇರುವುದೂ ಇದೆ, 250 ಇರುವುದೂ ಇದೆ. ಹಸುಗೂಸುಗಳ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂ.ಎಲ್.ಗೇ 100 ಮಿ.ಗ್ರಾಂ.! ಬಾಟಲಿ ಚಿಕ್ಕದು, ಹಾಗಾಗಿ ಔಷಧಿಯೂ ಸೌಮ್ಯ ಎಂದುಕೊಳ್ಳುವುದೇ ಎಡವಟ್ಟು. ಒಂದು ಸಲಕ್ಕೆ ಮಗುವಿನ ತೂಕದ ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಸಾಕು. ಅಂದರೆ 10 ಕೆ.ಜಿ. ತೂಗುವ ಮಗುವಿಗೆ 250ರ ಸಿರಪ್ ಎರಡೂವರೆ ಎಂ.ಎಲ್.; ಡ್ರಾಪ್ಸ್ ಆದರೆ 1ರಿಂದ ಒಂದೂವರೆ ಎಂ.ಎಲ್. ಅದೇ ಡ್ರಾಪ್ಸನ್ನು ‘ಒಂದು ಚಮಚ’ ಎಂದು 5 ಎಂ.ಎಲ್. ಕುಡಿಸಿದರೆ ದೊಡ್ಡವರ 500ರ ಮಾತ್ರೆಯನ್ನೇ ಕೊಟ್ಟಂತಾಯಿತು.

ಅಡುಗೆಮನೆಯ ಚಮಚ ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ. ಸೂಜಿಯಿಲ್ಲದ ಸಿರಿಂಜ್ ಅಥವಾ ಬಾಟಲಿ ಜೊತೆ ಬರುವ ಅಳತೆ ಮುಚ್ಚಳ ಬಳಸಿ. ದಿನಕ್ಕೆ ನಾಲ್ಕು ಸಲ ಮೀರಬಾರದು, ನಡುವೆ 4ರಿಂದ 6 ಗಂಟೆ ಅಂತರವಿರಲಿ. ಕೆಲವು ನೆಗಡಿ ಸಿರಪ್‌ಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ. ಎರಡೂ ಕೊಟ್ಟರೆ ಪ್ರಮಾಣ ಮೀರಿ ಯಕೃತ್ತಿಗೆ ಪೆಟ್ಟು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು, ಅಂಗಡಿಮದ್ದು ಎರಡೂ ಬೇಡ, ನೇರ ವೈದ್ಯರ ಬಳಿ ಹೋಗಿ.

ಲೇಬಲ್ಲಿನ ಇರುವೆಯಂಥ ಅಕ್ಷರ ಹೆಚ್ಚಾಗಿ ಇಂಗ್ಲಿಷಿನದೇ. ಔಷಧಿ ಅಂಗಡಿಯವರು ಸಿರಿಂಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ‘ಇಷ್ಟೇ’ ಎಂದು ತೋರಿಸಿ ಕೊಡಲಿ.

– ಒಬ್ಬ ಫಾರ್ಮಸಿಸ್ಟ್, ಹಾಸನ