ಗೆಳೆಯನಿಗೊಂದು ಪತ್ರ: ಬಚ್ಚಿಡಬೇಕಾದದ್ದು ಒಂದೇ ವಿಡಿಯೊ

ಪ್ರಿಯ ಗೆಳೆಯಾ,

ನೀನು ಕಳುಹಿಸಿದ ಎರಡೂ ಎಎಂವಿಗಳನ್ನು, ಅಂದರೆ ಜಪಾನಿ ಅನಿಮೇಷನ್ (ಅನಿಮೆ) ದೃಶ್ಯಗಳನ್ನು ಹಾಡಿಗೆ ಹೊಂದಿಸಿದ ಆ ವಿಡಿಯೊಗಳನ್ನು, ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮೂರು ಮೂರು ಸಲ ನೋಡಿದೆ. ಬೇಸಿಗೆಯ ಕನ್ವೆನ್ಷನ್ (ಅಭಿಮಾನಿಗಳ ಸಮಾವೇಶ) ಸ್ಪರ್ಧೆ ಮುಗಿಯುವವರೆಗೆ ಇವನ್ನು ಯೂಟ್ಯೂಬ್‌ಗೆ ಹಾಕದೆ ಇಟ್ಟುಕೊಳ್ಳಬೇಕೇ ಎಂದು ಕೇಳಿದ್ದೀಯೆ. ಹಾಸ್ಯದ್ದನ್ನು ಸ್ಪರ್ಧೆಯವರೆಗೆ ಬಚ್ಚಿಡು, ತಂದೆ-ಮಗಳ ಕಥೆಯದ್ದನ್ನು ಈ ವಾರವೇ ಹಾಕಿಬಿಡು ಎಂಬುದು ನನ್ನ ಉತ್ತರ.

ಇದಕ್ಕೂ ಮೊದಲು ಸ್ಪರ್ಧೆಯ ನಿಯಮಾವಳಿಯನ್ನು ಸಾವಧಾನವಾಗಿ ಓದು. ಹಿಂದೆ ಎಲ್ಲಿಯೂ ತೋರಿಸದ ವಿಡಿಯೊ ಮಾತ್ರ ಬೇಕೆನ್ನುವ ಸ್ಪರ್ಧೆಗಳಿವೆ. ಇಂತಿಷ್ಟು ಅವಧಿಯೊಳಗೆ ತಯಾರಾಗಿದ್ದರೆ ಸಾಕೆನ್ನುವವೂ ಇವೆ. ಮೊದಲನೆಯ ಬಗೆಯದಾದರೆ ಎರಡನ್ನೂ ಬಚ್ಚಿಡಲೇಬೇಕು, ನಾವಿಬ್ಬರೂ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ.

ಬಚ್ಚಿಡಬೇಕೇ ಎಂಬ ಪ್ರಶ್ನೆ ನಮ್ಮ ಹವ್ಯಾಸದ ಹಿರಿಯರಿಗೆ ಎದುರಾಗಿರಲೇ ಇಲ್ಲ. 1975ರಲ್ಲಿ ಕ್ಯಾಂಡಿ ಫಾಂಗ್ ಸ್ಟಾರ್ ಟ್ರೆಕ್‌ನ ಸ್ಲೈಡುಗಳನ್ನು ಹಾಡಿಗೆ ಹೊಂದಿಸಿ ತೋರಿಸಿದಾಗಲಾಗಲಿ, 1982ರಲ್ಲಿ ಜಿಮ್ ಕಪೋಸ್ಟಾಸ್ ಎರಡು ವಿಸಿಆರ್‌ಗಳನ್ನು ಜೋಡಿಸಿ ಅನಿಮೆ ದೃಶ್ಯಗಳನ್ನು ಬೀಟಲ್ಸ್ ಹಾಡಿಗೆ ಕೂಡಿಸಿದಾಗಲಾಗಲಿ, ಅಭಿಮಾನಿಗಳು ಸೇರುವ ಕೋಣೆಯೇ ಬಿಡುಗಡೆಯ ಜಾಗವಾಗಿತ್ತು. ಅಲ್ಲಿಗೆ ಹೋಗದವರು ಕ್ಯಾಸೆಟ್ಟಿನ ಪ್ರತಿ ಕೈಯಿಂದ ಕೈಗೆ ದಾಟಿ ಬರುವವರೆಗೆ ಕಾಯಬೇಕಿತ್ತು. 2000ದಲ್ಲಿ ಎಎಂವಿಗಳಿಗೇ ಮೀಸಲಾದ ಜಾಲತಾಣ, 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಮನೆಯಲ್ಲಿ ಕೂತು ಲೋಕಕ್ಕೆಲ್ಲ ತೋರಿಸುವುದು ಸುಲಭವಾಯಿತು. ತೋರಿಸದೆ ಇರುವುದಕ್ಕೆ ಕಾರಣ ಹುಡುಕಬೇಕಾಯಿತು. ಷಿಕಾಗೊದಲ್ಲಿ 2002ರಿಂದ 2018ರವರೆಗೆ ನಡೆದ, ಅಭಿಮಾನಿ-ವಿಡಿಯೊ ಮಾಡುವವರ ಕನ್ವೆನ್ಷನ್ ಆದ ವಿವಿಡ್‌ಕಾನ್‌ನಲ್ಲಿ ಮೊಟ್ಟಮೊದಲ ಬಾರಿಗೆ ತೆರೆ ಕಾಣುವ ವಿಡಿಯೊಗಳಿಗೆಂದೇ ಒಂದು ಪ್ರದರ್ಶನವಿತ್ತು. ಎಲ್ಲರೂ ಒಟ್ಟಿಗೆ, ಒಂದೇ ಕ್ಷಣಕ್ಕೆ ಮೊದಲ ಸಲ ನೋಡುವ ಸುಖವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ ಎಂದು ನಾನು ಭಾವಿಸುತ್ತೇನೆ.

ಆ ಸುಖ ಎಂಥದೆಂದು ನನಗೆ ಗೊತ್ತಾದದ್ದು ಅಮೆರಿಕದ ಅನಿಮೆ ಕನ್ವೆನ್ಷನ್ ಒಟಾಕಾನ್ ಇನ್ನೂ ಬಾಲ್ಟಿಮೋರ್‌ನಲ್ಲಿ ನಡೆಯುತ್ತಿದ್ದಾಗ, ಅಂದರೆ 2017ರಲ್ಲಿ ಅದು ವಾಷಿಂಗ್ಟನ್‌ಗೆ ಹೋಗುವುದಕ್ಕೆ ಮೊದಲು. ಕತ್ತಲೆಯ ಸಭಾಂಗಣದಲ್ಲಿ ಗಂಭೀರ ಯುದ್ಧದ ದೃಶ್ಯವೊಂದಕ್ಕೆ ಇದ್ದಕ್ಕಿದ್ದಂತೆ ಮಕ್ಕಳ ಹಾಡು ಕೂಡಿಕೊಂಡಾಗ ಮುಂದಿನ ಸಾಲಿನಲ್ಲಿ ಹುಟ್ಟಿದ ನಗು ಹಿಂದಿನ ಸಾಲಿನವರೆಗೆ ಅಲೆಯಂತೆ ಬಂದು, ಮುಂದಿನ ಹತ್ತು ಸೆಕೆಂಡು ಹಾಡೇ ಕೇಳಿಸಲಿಲ್ಲ. ಮನೆಗೆ ಬಂದು ಅದೇ ವಿಡಿಯೊವನ್ನು ಮತ್ತೆ ನೋಡಿದೆ. ಮುಗುಳ್ನಗೆ ಬಂತು, ಅಷ್ಟೆ. ಹಾಸ್ಯದ ಎಎಂವಿಯ ಬಂಡವಾಳವೆಲ್ಲ ಆ ಮೊದಲ ಸಲದ್ದು. ನಿನ್ನದರಲ್ಲಿ ಆ ಅಡುಗೆಯವನು ಬಾಗಿಲು ತೆರೆಯುವ ದೃಶ್ಯ ಇದೆಯಲ್ಲ, ಅದನ್ನು ಸಭಿಕರಲ್ಲಿ ಅರ್ಧದಷ್ಟು ಜನ ಮೊದಲೇ ಫೋನಿನಲ್ಲಿ ನೋಡಿ ಬಂದಿದ್ದರೆ ಅವರು ಪಕ್ಕದವರಿಗೆ ‘ಈಗ ನೋಡು’ ಎಂದು ಪಿಸುಗುಟ್ಟುತ್ತಾರೆ. ಅಲ್ಲಿಗೆ ನಿನ್ನ ಕೆಲಸ ಮುಗಿಯಿತು.

ತಂದೆ-ಮಗಳ ವಿಡಿಯೊಗೆ ಈ ಭಯವಿಲ್ಲ. ಹೊನ್ನಾವರದ ಗದ್ದೆಬಯಲಿನಲ್ಲಿ ನಾವಿಬ್ಬರೂ ಕಂಬಳಿ ಹೊದ್ದು ಕೂತು ನೋಡಿದ ಯಕ್ಷಗಾನದ ಆಟಗಳನ್ನು ನೆನಪಿಸಿಕೊ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲವೆಂದು ಗೊತ್ತಿಲ್ಲದವರು ಅಲ್ಲಿ ಯಾರಿದ್ದರು? ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಕರುಣರಸದ ವಿಡಿಯೊವನ್ನು ಮೊದಲೇ ಕಂಡು ಮೆಚ್ಚಿದವನು ದೊಡ್ಡ ತೆರೆಯ ಮೇಲೆ ಅದು ಬಂದಾಗ ಇನ್ನಷ್ಟು ಮನಸಾರೆ ನೋಡುತ್ತಾನೆ, ಮತದ ಚೀಟಿಯಲ್ಲಿ ಗುರುತೂ ಹಾಕುತ್ತಾನೆ. ಇದು ನ್ಯಾಯವೇ ಎಂದು ನೀನು ಕೇಳಬಹುದು. ಹೆಸರು, ಲಾಂಛನ ಯಾವುದೂ ಇಲ್ಲದ ಪ್ರತಿಯನ್ನೇ ಕಳುಹಿಸಿ ಎಂದು ಕೇಳುವ ಸ್ಪರ್ಧೆಗಳಲ್ಲಿಯೂ ಹೆಚ್ಚು ಚಂದಾದಾರರಿರುವವನ ವಿಡಿಯೊವನ್ನು ಜನ ಗುರುತು ಹಿಡಿಯುತ್ತಾರೆ ಎಂಬುದು ನಿಜ. ಆದರೆ ನಿನಗಿರುವ ಚಂದಾದಾರರು ನಲವತ್ತು ಮಂದಿ, ಅವರಲ್ಲಿ ನಾನೂ ಒಬ್ಬ. ಆ ಚಿಂತೆ ಈಗಲೇ ಬೇಡ.

ಬಚ್ಚಿಡುವುದಕ್ಕೂ ಬೆಲೆಯಿದೆ, ಅದನ್ನು ನಾನು ತೆತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ವಿಡಿಯೊ ಮಾಡಿ ಒಂದು ಕನ್ವೆನ್ಷನ್‌ಗೆ ಕಳುಹಿಸಿದೆ. ಪ್ರಾಥಮಿಕ ಆಯ್ಕೆಯಲ್ಲಿಯೇ ಬಿದ್ದುಹೋಯಿತು. ಇನ್ನೊಂದಕ್ಕೆ ಇರಲಿ ಎಂದು ಮತ್ತೆ ಬಚ್ಚಿಟ್ಟೆ. ಹೀಗೆ ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ ಬೇರೆ ಯಾರೋ ಅದೇ ಸರಣಿಯನ್ನು ಅದೇ ಹಾಡಿಗೆ ಕೂಡಿಸಿ ಹಾಕಿದರು. ನನ್ನದು ಹೊರಬಂದಾಗ ನಕಲೆನಿಸಿಕೊಂಡಿತು. ಹನ್ನೆರಡು ಕಂತುಗಳಲ್ಲಿ ಮುಗಿಯುವ ಸರಣಿಯ ಮೇಲೆ ಜನರಿಗಿರುವ ಆಸೆಯೂ ಅಷ್ಟೇ ಬೇಗ ಆರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದ್ದರಿಂದ ಹಾಸ್ಯದ ವಿಡಿಯೊವನ್ನು ಒಂದೇ ಕನ್ವೆನ್ಷನ್‌ಗೆ ಮೀಸಲಿಡು. ಆಯ್ಕೆಯಾಗಲಿಲ್ಲವೆಂದು ತಿಳಿದ ದಿನ, ಅಥವಾ ಪ್ರದರ್ಶನ ಮುಗಿದ ರಾತ್ರಿ, ಅದನ್ನು ಹಾಕಿಬಿಡು.

ಬಚ್ಚಿಡುವುದೆಂದರೆ ಯಾರಿಗೂ ತೋರಿಸದಿರುವುದೆಂದು ನಿಯಮದಲ್ಲಿ ಬರೆದಿಲ್ಲದಿದ್ದರೆ ವಿಡಿಯೊ ಸಂಕಲನ ಮಾಡುವ ಇಬ್ಬರು ಮೂವರು ಮಿತ್ರರಿಗೆ ಗೂಗಲ್ ಡ್ರೈವ್ ಕೊಂಡಿ (ಲಿಂಕ್) ಕಳುಹಿಸು. ಕೊಂಡಿ ಇದ್ದವರಿಗೆ ಮಾತ್ರ ಕಾಣುವಂತೆ ಯೂಟ್ಯೂಬ್‌ಗೆ ಹಾಕುತ್ತೇನೆ ಎನ್ನಬೇಡ: ಅಲ್ಲಿಯೂ ಕೃತಿಸ್ವಾಮ್ಯದ ಹಾಡು-ಚಿತ್ರಗಳನ್ನು ತಾನಾಗಿ ಪತ್ತೆಹಚ್ಚುವ ಕಂಟೆಂಟ್ ಐಡಿ ವ್ಯವಸ್ಥೆ ಹಾಡನ್ನು ಗುರುತಿಸಿ ತಡೆಯಬಹುದು. ಚಿತ್ರವೂ ನಮ್ಮದಲ್ಲ, ಹಾಡೂ ನಮ್ಮದಲ್ಲ. ದೂರಲು ನಮಗೆ ಬಾಯಿಲ್ಲ. ಸಾಧ್ಯವಾದರೆ ಯಾರದಾದರೂ ಮನೆಯ ಪ್ರೊಜೆಕ್ಟರ್‌ನಲ್ಲಿ ಒಮ್ಮೆ ಹಾಕಿ ನೋಡು, ಲ್ಯಾಪ್‌ಟಾಪ್‌ನಲ್ಲಿ ಸ್ಪಷ್ಟವಾಗಿರುವ ಆ ಕತ್ತಲೆಯ ಓಣಿಯ ದೃಶ್ಯ ದೊಡ್ಡ ತೆರೆಯ ಮೇಲೆ ಬರೀ ಮಸಿಯಾಗಿ ಕಾಣುವ ಸಂಭವವಿದೆ.

ತಂದೆ-ಮಗಳದರಲ್ಲಿ ಎರಡನೆಯ ನಿಮಿಷ ಕಳೆದ ಮೇಲೆ, ಛತ್ರಿ ಬಿಡಿಸುವಲ್ಲಿ, ತೆರೆಯ ಕೆಳಗಡೆ ಸಬ್‌ಟೈಟಲ್‌ನ ಒಂದು ಚೂರು ಉಳಿದುಕೊಂಡಿದೆ. ಹಾಕುವ ಮುನ್ನ ಅದನ್ನು ತೆಗೆ.

ನಿನ್ನ ಗೆಳೆಯ