ಹೊಳೆಬಾಗಿಲಿನ ಇಳಿಜಾರನ್ನು ಮುಚ್ಚಬೇಡಿ

ಸಂಪಾದಕರಿಗೆ ನಮಸ್ಕಾರ.

ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆದಾಗಿನಿಂದ, ಜನ, ವಾಹನ ದಾಟಿಸುವ ಲಾಂಚ್ ನಿಲ್ಲುತ್ತಿದ್ದ ಹೊಳೆಬಾಗಿಲಿನ ದಂಡೆ ಬಗ್ಗೆ ಸಾಗರದ ಹೋಟೆಲುಗಳಲ್ಲಿ ಒಂದು ಮಾತು ಕೇಳುತ್ತಿದ್ದೇನೆ. 'ಇನ್ನು ಆ ಲಾಂಚ್ ದಂಡೆ ಯಾಕೆ ಬೇಕು? ಆ ಜಾಗದಲ್ಲಿ ಏನಾದರೂ ಕಟ್ಟಬಹುದಲ್ಲ' ಅಂತ. ದಯವಿಟ್ಟು ಬೇಡ. ಇದನ್ನು ಹೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಸೇತುವೆ ಬಂದದ್ದಕ್ಕೆ ನನ್ನಷ್ಟು ಖುಷಿಪಟ್ಟವರು ಕಡಿಮೆ. ನನ್ನ ಅತ್ತಿಗೆಯ ತವರು ಆಚೆ ದಡದ ತುಮರಿ ಕಡೆ. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಹೊಳೆಬಾಗಿಲಲ್ಲೇ ರಾತ್ರಿ ಕಳೆಯಬೇಕಿತ್ತು. ಹೆರಿಗೆ ನೋವು ಬಂದ ಹೆಂಗಸರನ್ನು ಕರೆದುಕೊಂಡು ದಂಡೆಯಲ್ಲಿ ಕಾದ ಮನೆಗಳು ಆಚೆ ದಡದಲ್ಲಿ ಎಷ್ಟೋ ಇವೆ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆ ಆದಾಗ ಅತ್ತಿಗೆ ಅತ್ತೇಬಿಟ್ಟರು. ವಾಹನಗಳು ಸೇತುವೆ ಮೇಲೆ ಹೋಗಲಿ. ಆದರೆ ನೀರಿಗೆ ಇಳಿಯುವ ದಾರಿಯೂ ಇರಲಿ ಅನ್ನುವುದು ನನ್ನ ಮಾತು.

ನಾನು ಸಾಗರದಲ್ಲಿ 35 ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವನು. ಈಗ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ 1964ರಲ್ಲೇ ನಾನು ಹುಟ್ಟಿದ್ದು. ಊರು ಬಿಡುವಾಗ ಅಣ್ಣನಿಗೆ ಹನ್ನೆರಡು ವರ್ಷ. ಅಪ್ಪನ ಪಾಲಿಗೆ ಮುಳುಗಡೆ ಎರಡು ಸಲ ಬಂತು. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಆದಾಗ ಕೆಳಗಿನ ಗದ್ದೆ ಹೋಯಿತು, ಮನೆ ಉಳಿಯಿತು. ಲಿಂಗನಮಕ್ಕಿ ಆದಾಗ ಮನೆ, ತೋಟ, ದನದ ಕೊಟ್ಟಿಗೆ, ಕಡೆಗೆ ಆ ಹಳೇ ಅಣೆಕಟ್ಟೆಯೂ ಮುಳುಗಿತು.

ಅಣ್ಣನಿಗೆ ಈಗ 73. ಅವನಿಗೆ ಒಂದೇ ಆಸೆ. ನಮ್ಮ ಮನೆ ಇದ್ದ ಜಾಗದ ಮೇಲೆ ದೋಣಿ ನಿಲ್ಲಿಸಿ ಅರ್ಧ ಗಂಟೆ ಸುಮ್ನೆ ಕೂರಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ನಡೆದೇ ಹೋಗಬಹುದಲ್ಲ ಅಂತ ಕೇಳುವವರಿದ್ದಾರೆ. ಆ ಜಾಗ ಪೂರ್ತಿ ತೆರೆದುಕೊಳ್ಳುವುದು ಎಲ್ಲೋ ಬರಗಾಲದ ವರ್ಷ. ತೆರೆದರೂ ಮಂಡಿ ಆಳದ ಕೆಸರು. ಅಣ್ಣನ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ.

ಹಾಗಾಗಿ ದೋಣಿ. ನನ್ನ ಅಳಿಯ ಕರಾವಳಿಯಿಂದ ಹಳೇ ಫೈಬರ್ ದೋಣಿಯೊಂದನ್ನು ತಂದುಕೊಟ್ಟಿದ್ದಾನೆ. 14 ಅಡಿ ಉದ್ದ, ಒಂಬತ್ತು ಚಿಲ್ಲರೆ ಅಶ್ವಶಕ್ತಿಯ ಔಟ್‌ಬೋರ್ಡ್ ಇಂಜಿನ್. ಟ್ರೇಲರ್ ಮೇಲೆ ಕೂರಿಸಿ ಬೊಲೆರೊ ಹಿಂದೆ ಕಟ್ಟಿದರೆ ಆಯಿತು. ಡಿಸೆಂಬರ್ ಎರಡನೇ ವಾರ ಮೂರು ದಿನ ಶರಾವತಿ ಹಿನ್ನೀರಿನಲ್ಲಿ ತಿರುಗಬೇಕು ಅಂತ ನಾವು ಮೂವರು ತಯಾರಿ ಮಾಡುತ್ತಿದ್ದೇವೆ. ಬೇರೆ ಹೊಳೆ ಯಾಕಲ್ಲ ಅಂದರೆ, ತುಂಗೆಯಲ್ಲಿ ಆ ಹೊತ್ತಿಗೆ ತೀರ್ಥಹಳ್ಳಿಯಿಂದ ಕೆಳಗೆ ಬಂಡೆಗಳು ಏಳುತ್ತವೆ. ಗಾಜನೂರು ಹಿನ್ನೀರು ಚೆನ್ನಾಗಿದೆ, ಆದರೆ ನಮ್ಮ ಮನೆ ಇರುವುದು ಅಲ್ಲಲ್ಲ.

ತಯಾರಿ ಅಂದರೆ ಏನು ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ದಂಡೆಯ ಬೆಲೆ ಅದರಿಂದಲೇ ಗೊತ್ತಾಗುತ್ತದೆ.

ಕಳೆದ ಮಾರ್ಚಿನಲ್ಲಿ ಒಂದು ಸಲ ನೀರಿಗೆ ಇಳಿಸಿ ನೋಡೋಣ ಅಂತ ಹೊರಟೆವು. ಇಂಜಿನ್ ಹಾಕಿರಲಿಲ್ಲ, ಹುಟ್ಟು ಮಾತ್ರ. ನೆಂಟರೊಬ್ಬರ ಜಮೀನಿನ ಅಂಚಿನಲ್ಲಿ ಮುಳುಗಡೆಗೆ ಮುಂಚಿನ ಹಳೇ ರಸ್ತೆ ಸೀದಾ ಹಿನ್ನೀರಿಗೆ ಇಳಿಯುತ್ತದೆ. ಅದನ್ನೇ ಇಳಿಜಾರು ಅಂತ ನಂಬಿದೆವು. ಮೂವತ್ತು ಕಿಲೋಮೀಟರ್ ಎಳೆದುಕೊಂಡು ಹೋಗಿದ್ದರಿಂದ ಚಕ್ರದ ಗುಂಬ ಮುಟ್ಟಿದರೆ ಬಿಸಿ. ಬಿಸಿ ಬೇರಿಂಗನ್ನು ಹಾಗೇ ತಣ್ಣೀರಿಗೆ ಇಳಿಸಿದರೆ ಅದು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಗ್ರೀಸ್ ಹಾಳಾಗುತ್ತದೆ, ಮುಂದಿನ ಸಲ ದಾರಿ ಮಧ್ಯೆ ಚಕ್ರ ಹಿಡಿಯುತ್ತದೆ. ಮೋಟಾರು ಬಿಚ್ಚಿದ ಕೈಗೆ ಇದು ಗೊತ್ತಿರುತ್ತದೆ. ಹದಿನೈದು ನಿಮಿಷ ಕಾದೆವು. ಟ್ರೇಲರ್ ದೀಪದ ವೈರು ಕಳಚಿದೆವು. ದೋಣಿಯ ಹಿಂದಿನ ತೂತಿಗೆ ಬಿರಡೆ ಬಿಗಿದಿದೆಯಾ ಅಂತ ಅಣ್ಣ ಎರಡು ಸಲ ಬೆರಳಿಟ್ಟು ನೋಡಿದ.

ಎಲ್ಲ ಸರಿಯಾಗಿತ್ತು. ನೀರಿನೊಳಗೆ ರಸ್ತೆ ಎಲ್ಲಿ ಮುಗಿಯುತ್ತದೆ ಅನ್ನುವುದೊಂದು ಗೊತ್ತಿರಲಿಲ್ಲ. ಹಿಂದಕ್ಕೆ ಬಿಡುತ್ತಾ ಬಿಡುತ್ತಾ ಎಡಗಡೆ ಚಕ್ರ ಡಾಂಬರಿನ ತುದಿ ದಾಟಿ ದಡಕ್ಕನೆ ಕೆಳಗೆ ಬಿತ್ತು. ಟ್ರೇಲರ್ ವಾಲಿತು. ದೋಣಿಯ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದವನು ಅಣ್ಣ. ಅಳಿಯ ಅವನ ಅಂಗಿ ಹಿಡಿದು ಈಚೆಗೆ ಎಳೆಯದಿದ್ದರೆ ದೋಣಿ ಅವನ ಮೇಲೇ ಬರುತ್ತಿತ್ತು. ಆಮೇಲೆ ಊರಿನವರು ಟ್ರ್ಯಾಕ್ಟರ್ ತಂದು ಎಳೆದುಕೊಟ್ಟರು. ಕಾಸು ಕೊಡಲು ಹೋದರೆ ಬೇಡ ಅಂದರು. ಮನೆಗೆ ಬರುವಾಗ ಯಾರೂ ಮಾತಾಡಲಿಲ್ಲ.

ಹೊಳೆಬಾಗಿಲಿನಲ್ಲಿ ಹಾಗಲ್ಲ. ಬಸ್ಸು, ಲಾರಿಗಳೇ ಲಾಂಚ್ ಹತ್ತಿ ಇಳಿದ ಜಾಗ ಅದು. ಗಟ್ಟಿ ನೆಲ. ಗಾಡಿ ತಿರುಗಿಸಲು ಅಗಲ ಇದೆ. ಸಾಗರದಿಂದ ಒಳ್ಳೇ ರಸ್ತೆ ಇದೆ. ಅಂಥದ್ದನ್ನು ಹೊಸದಾಗಿ ಮಾಡಬೇಕು ಅಂದರೆ ಎಷ್ಟು ಖರ್ಚು, ಎಷ್ಟು ವರ್ಷ! ಇರುವುದನ್ನು ಉಳಿಸಿಕೊಂಡರೆ ಸಾಕು. ನಮ್ಮಂಥವರಿಗೆ ಮಾತ್ರ ಅಲ್ಲ. ಮೀನು ಹಿಡಿಯುವವರಿಗೆ ಬೇಕು. ನಾಳೆ ಯಾರೋ ನೀರಿನಲ್ಲಿ ಸಿಕ್ಕಿಕೊಂಡರೆ ಅಗ್ನಿಶಾಮಕದವರ ದೋಣಿಯೂ ಗಾಡಿಯ ಮೇಲೇ ಬರಬೇಕಲ್ವಾ? ಅದನ್ನು ಎಲ್ಲಿ ಇಳಿಸುತ್ತಾರೆ?

ಆ ಇಳಿಜಾರಿಗೆ ಒಂದು ಸಣ್ಣ ಕೆಲಸ ಆಗಬೇಕು. ಗಟ್ಟಿ ನೆಲ ಎಲ್ಲಿ ಮುಗಿಯುತ್ತದೋ ಅಲ್ಲಿ ಎರಡೂ ಬದಿಗೆ ಎತ್ತರದ ಕಂಬ ನೆಡಬೇಕು. ಕಂಬಕ್ಕೆ ಅಡಿ ಲೆಕ್ಕದಲ್ಲಿ ಬಣ್ಣದ ಅಂಕಿ ಬರೆಯಬೇಕು. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ಕೈಕೊಟ್ಟ ವರ್ಷ ಜೂನ್ ಹೊತ್ತಿಗೆ ಎಪ್ಪತ್ತು ಅಡಿಗಿಂತ ಜಾಸ್ತಿ ಇಳಿದದ್ದೂ ಇದೆ. 2023ರಲ್ಲಿ ಹಾಗೇ ಆಗಿ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ಆ ಅಂಕಿ ಕಣ್ಣೆದುರು ಇದ್ದರೆ ಇವತ್ತು ಇಳಿಸಬಹುದಾ ಬೇಡವಾ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಇನ್ನು ನೀರಿನ ಮೇಲಿನ ಮಾತು. ಶರಾವತಿ ಹಿನ್ನೀರಿನಲ್ಲಿ ದೋಣಿಗೆ ದೊಡ್ಡ ಅಪಾಯ ಅಂದರೆ ಮರದ ಬೊಡ್ಡೆ. ಮುಳುಗಡೆ ಕಾಲದ ಕಾಡು ಇನ್ನೂ ನೀರೊಳಗೆ ನಿಂತಿದೆ. ಅರವತ್ತು ವರ್ಷ ಆದರೂ ಕೊಳೆತಿಲ್ಲ, ಗಾಳಿ ತಾಗದ ಮರ ಬೇಗ ಕೊಳೆಯುವುದಿಲ್ಲ. ಮೇಲೆ ಕಾಣುವ ಬೊಡ್ಡೆಯಿಂದ ತೊಂದರೆ ಇಲ್ಲ, ಸುತ್ತಿಕೊಂಡು ಹೋಗಬಹುದು. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗಿರುವುದು ಕೆಟ್ಟದ್ದು. ನಮ್ಮ ದೋಣಿಯ ತಳ ನೀರಿನಲ್ಲಿ ಒಂದಡಿಯೂ ಇಳಿಯುವುದಿಲ್ಲ, ಆದರೆ ಇಂಜಿನ್ನಿನ ಕಾಲು ಎರಡಡಿ ಇಳಿಯುತ್ತದೆ.

ಮೀನು ಹಿಡಿಯುವ ಗೆಳೆಯರೊಬ್ಬರ ದೋಣಿಯಲ್ಲಿ ದಾರಿ ನೋಡಿಕೊಂಡು ಬರಲು ಹೋದಾಗ ಇದನ್ನು ಕಣ್ಣಾರೆ ಕಂಡೆ. ಕನ್ನಡಿಯಂಥ ನೀರು. ಟಕ್ ಅಂತ ಒಂದು ಸದ್ದು. ಇಂಜಿನ್ ಜೋರಾಗಿ ಕೂಗಿತು, ದೋಣಿ ಮಾತ್ರ ನಿಂತುಬಿಟ್ಟಿತು. ಅವರು ಗಾಬರಿಯಾಗಲಿಲ್ಲ. ಇಂಜಿನ್ ಮೇಲೆತ್ತಿ, ಪ್ರೊಪೆಲ್ಲರಿನ ನಟ್ಟು ಬಿಚ್ಚಿ, ಎರಡು ತುಂಡಾದ ಪಿನ್ನನ್ನು ನನ್ನ ಅಂಗೈಗೆ ಹಾಕಿದರು. ಬೀಡಿಯಷ್ಟು ಉದ್ದದ ಲೋಹದ ಕಡ್ಡಿ. ಪೆಟ್ಟು ಬಿದ್ದಾಗ ಅದು ಮುರಿದು ಇಂಜಿನ್ನಿನ ಗಿಯರನ್ನು ಉಳಿಸುತ್ತದೆ. ಎಲೆಯಡಿಕೆ ಡಬ್ಬದಲ್ಲಿ ಅವರ ಹತ್ತಿರ ಅಂಥವು ಎಂಟೋ ಹತ್ತೋ ಇದ್ದವು. ಹಾಕಿಕೊಂಡು ಹೊರಟೆವು. ಗಾಳಿ ಎದ್ದ ಹೊತ್ತಿನಲ್ಲಿ, ದಡ ದೂರ ಇರುವಾಗ ಹೀಗಾದರೆ ಹೊಸಬರು ಏನು ಮಾಡಬೇಕು?

ಅಣ್ಣ ಇದಕ್ಕೆ ತನ್ನದೇ ಲೆಕ್ಕ ಇಟ್ಟಿದ್ದಾನೆ. ಮಳೆಗಾಲದಲ್ಲಿ ನಿಮ್ಮ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ಬರುತ್ತದಲ್ಲ, ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಾನೆ. ವಾರಕ್ಕೊಮ್ಮೆ ದಂಡೆಗೆ ಹೋಗಿ ಅದರ ಪಕ್ಕದಲ್ಲಿ ಬರೆಯುತ್ತಾನೆ: '1802, ಜೋಡಿ ಬೊಡ್ಡೆ ಮೊಳದಷ್ಟು ಕಾಣುತ್ತದೆ. 1804, ಕಾಣುವುದಿಲ್ಲ, ಅಲೆ ಮಾತ್ರ ಒಡೆಯುತ್ತದೆ. 1807, ಏನೂ ಇಲ್ಲ.' ಅವನ ಪ್ರಕಾರ 1804 ಅಡಿಯ ದಿನ ಆ ಕಡೆ ಹೋಗಲೇಬಾರದು. ಇಂಥ ಲೆಕ್ಕ ಪ್ರತಿ ದಂಡೆಯ ಮೀನುಗಾರರ ತಲೆಯಲ್ಲೂ ಇದೆ. ಅವರನ್ನು ಕೂರಿಸಿಕೊಂಡು ಮುಖ್ಯ ದಾರಿಯ ಬೊಡ್ಡೆಗಳ ಹತ್ತಿರ ಬಣ್ಣ ಬಳಿದ ಖಾಲಿ ಡ್ರಮ್ಮು ತೇಲಿಬಿಟ್ಟರೆ ಸಾಕು. ಇದಕ್ಕೇನು ಕೋಟಿಗಟ್ಟಲೆ ಬೇಕಾ?

ಸಂಪಾದಕರೇ, ನಿಮ್ಮಲ್ಲೂ ಒಂದು ಬೇಡಿಕೆ ಇದೆ. ಮಳೆಗಾಲ ಮುಗಿದ ಮೇಲೆ ಜಲಾಶಯದ ಮಟ್ಟ ಹಾಕುವುದನ್ನು ನಿಲ್ಲಿಸಿಬಿಡುತ್ತೀರಿ. ದಯವಿಟ್ಟು ವರ್ಷವಿಡೀ ಹಾಕಿ. ಎರಡು ಸಾಲಿನ ಜಾಗ ಸಾಕು.

ನಮ್ಮ ಮೂರು ದಿನದ ದಾರಿ ಹೀಗಿದೆ. ಡಿಸೆಂಬರಿನಲ್ಲಿ ಬೆಳಗ್ಗೆ ನೀರಿನ ಮೇಲೆ ಮಂಜು ಕೂತಿರುತ್ತದೆ, ಎದುರು ದಡ ಕಾಣಬೇಕಾದರೆ ಒಂಬತ್ತಾಗುತ್ತದೆ. ಮಧ್ಯಾಹ್ನ ದಾಟಿದರೆ ಅಗಲ ನೀರಿನಲ್ಲಿ ಗಾಳಿ ಅಲೆ ಎಬ್ಬಿಸುತ್ತದೆ. ಹಾಗಾಗಿ ಒಂಬತ್ತರಿಂದ ಹನ್ನೆರಡೂವರೆ ಒಳಗೆ ಅವತ್ತಿನ ಓಟ ಮುಗಿಸಬೇಕು. ಗಂಟೆಗೆ ಎಂಟು ಕಿಲೋಮೀಟರ್, ಅದಕ್ಕಿಂತ ಜೋರು ಬೇಡ. ಪೆಟ್ರೋಲಿನಲ್ಲಿ ಮೂರು ಪಾಲು: ಹೋಗಲು ಒಂದು, ಬರಲು ಒಂದು, ಮುಟ್ಟದೆ ಇಡಲು ಒಂದು. ರಾತ್ರಿ ನಡುಗಡ್ಡೆಯಲ್ಲಿ ಉಳಿಯುವುದಿಲ್ಲ. ಹಿನ್ನೀರಿನ ದೊಡ್ಡ ಭಾಗ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದೆ. ಅದು ಪ್ರಾಣಿಗಳ ಜಾಗ, ನಮಗೆ ನೆಂಟರ ಮನೆಗಳಿವೆ. ಒಂದು ರಾತ್ರಿ ಅತ್ತಿಗೆಯ ತವರಿನಲ್ಲಿ, ಇನ್ನೊಂದು ರಾತ್ರಿ ಈಚೆ ದಡದ ಚಿಕ್ಕಮ್ಮನ ಮನೆಯಲ್ಲಿ. ಮೂವರಿಗೂ ಲೈಫ್ ಜಾಕೆಟ್. ಈಜು ಬರುತ್ತದೆ ಅಂತ ಅಣ್ಣ ಮೊದಲು ತಕರಾರು ತೆಗೆದ, ಮಾರ್ಚಿನ ಆ ದಿನದ ನಂತರ ತೆಗೆಯಲಿಲ್ಲ. ಆಚೆ ದಡದಲ್ಲಿ ಮೊಬೈಲ್ ನೆಟ್‌ವರ್ಕ್ ನಂಬುವ ಹಾಗಿಲ್ಲ. ಎಷ್ಟೊತ್ತಿಗೆ ಹೊರಡುತ್ತೇವೆ, ಯಾವ ದಡ ಹಿಡಿದು ಹೋಗುತ್ತೇವೆ, ಎರಡು ಗಂಟೆಗೂ ಸುದ್ದಿ ಬರದಿದ್ದರೆ ಯಾರಿಗೆ ಹೇಳಬೇಕು ಅಂತ ಹಾಳೆಯಲ್ಲಿ ಬರೆದು ಅತ್ತಿಗೆಯ ಕೈಗೆ ಕೊಡುತ್ತೇವೆ. ಅವರು ಅದನ್ನು ಅಡುಗೆಮನೆಯ ಕ್ಯಾಲೆಂಡರಿಗೆ ಸಿಕ್ಕಿಸಿಡುತ್ತಾರಂತೆ.

ಕಾಗದ ಪತ್ರದ ಕಷ್ಟವನ್ನೂ ಹೇಳಬೇಕು. 1917ರ ಹಳೇ ಕಾಯ್ದೆ ಹೋಗಿ 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ಬಂದಿದೆ. ಇಂಜಿನ್ ದೋಣಿಗೆ ನೋಂದಣಿ ಬೇಕು. ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲಿ ಕೇಳಬೇಕು ಅನ್ನುವುದಕ್ಕೇ ನಾನು ನಾಲ್ಕು ದಿನ ಅಲೆದೆ. ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು, ಅವರು ಮತ್ತೆ ಮೊದಲಿನವರ ಹತ್ತಿರವೇ ಕಳಿಸಿದರು. ಯಾರೂ ಒರಟಾಗಿ ಮಾತಾಡಲಿಲ್ಲ, ಸಣ್ಣ ದೋಣಿ ತಂದು ಕೇಳಿದವರು ಅವರಿಗೂ ಹೊಸಬರು. ಅರ್ಜಿ ಕೊಟ್ಟಿದ್ದೇನೆ, ಸಂಖ್ಯೆ ಬರುವವರೆಗೆ ಇಂಜಿನ್ ಮುಟ್ಟುವುದಿಲ್ಲ. ಹೊಳೆಬಾಗಿಲಿನಲ್ಲಿ ಒಂದು ಬೋರ್ಡ್ ಹಾಕಿ, ದೋಣಿ ನೋಂದಣಿಗೆ ಎಲ್ಲಿ, ಅರಣ್ಯದ ಅನುಮತಿಗೆ ಎಲ್ಲಿ, ಯಾವ ಕಡೆ ಹೋಗಬಾರದು ಅಂತ ಕನ್ನಡದಲ್ಲಿ ಬರೆದರೆ ನನ್ನ ನಂತರದವರಿಗೆ ಆ ನಾಲ್ಕು ದಿನ ಉಳಿಯುತ್ತದೆ. ಇಳಿಸಲು ಶುಲ್ಕ ಹಾಕಲಿ, ಕೊಡುತ್ತೇವೆ.

ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಸಾವಿರಾರು ಕುಟುಂಬಗಳು ಶಿವಮೊಗ್ಗ, ಭದ್ರಾವತಿ, ರಿಪ್ಪನ್‌ಪೇಟೆ ಅಂತ ಚದುರಿ ಹೋಗಿವೆ. ತಮ್ಮೂರು ಎಲ್ಲಿತ್ತು ಅಂತ ಬೆರಳು ಮಾಡಿ ತೋರಿಸಬಲ್ಲವರು ಈಗ ಎಪ್ಪತ್ತು ದಾಟಿದ್ದಾರೆ. ಎರಡು ಗುಡ್ಡದ ನೆತ್ತಿ ಒಂದೇ ಗೆರೆಗೆ ಬಂದಾಗ ಬಲಕ್ಕೆ ತಿರುಗಿದರೆ ನಮ್ಮ ಅಂಗಳ ಅಂತ ಅಣ್ಣ ಹೇಳುತ್ತಾನೆ. ಆ ಗೆರೆ ನನಗೆ ಗೊತ್ತಿಲ್ಲ, ನನ್ನ ಮಗನಿಗೂ ಗೊತ್ತಿಲ್ಲ. ಅದನ್ನು ನೀರಿನ ಮೇಲೆ ಕೂತೇ ಕಲಿಯಬೇಕು. ಅದಕ್ಕೆ ನೀರಿಗೆ ಇಳಿಯುವ ಜಾಗ ಬೇಕು.

ಸಂಬಂಧಪಟ್ಟವರು ಈ ಪತ್ರ ಓದಿದರೆ ಡಿಸೆಂಬರಿಗೆ ಮುಂಚೆ ಒಂದು ದಿನ ಹೊಳೆಬಾಗಿಲಿಗೆ ಬರಲಿ. ನಾನೂ ಅಣ್ಣನೂ ನೋಟ್‌ಬುಕ್ ಹಿಡಿದುಕೊಂಡು ಬರುತ್ತೇವೆ. ಕಂಬ ಎಲ್ಲಿ ನೆಡಬೇಕು ಅಂತ ಅವನು ತೋರಿಸುತ್ತಾನೆ.

ಇಂತಿ,
ನಿಮ್ಮ ಹಳೇ ಓದುಗ,
ಸಾಗರ, ಶಿವಮೊಗ್ಗ ಜಿಲ್ಲೆ